ಕಹಳೆ ಗುರುತಿನ ಗುಂಡಿ

ಭಾನುವಾರ, ಸಂಜೆ

ರೀ,

ಇದೊಂದು ಅಕ್ಷರ ಬರೆಯುವಷ್ಟರಲ್ಲಿ ಎರಡು ಹಾಳೆ ಹರಿದು ಹಾಕಿದೆ. ‘ಪ್ರಿಯರೇ’ ಎಂದು ಬರೆದರೆ ಬೇರೆ ಯಾರಿಗೋ ಬರೆದಂತಿತ್ತು. ‘ಮಾನ್ಯರೇ’ ಎಂದರೆ ನಲ್ಲಿ ನೀರು ಬರುತ್ತಿಲ್ಲವೆಂದು ಅರ್ಜಿ ಹಾಕಿದಂತಿತ್ತು. ಕೊನೆಗೆ ಬಾಯಿಗೆ ರೂಢಿಯಾದದ್ದೇ ಕೈಗೂ ಬಂತು.

ನಿಮ್ಮ ತಂಗಿ ಬಂದು ಹೋಗಿ ಮೂರು ತಿಂಗಳಾಯಿತು. ಚಹಾ ಕುಡಿದು, ಬೇಡವೆಂದರೂ ಲೋಟ ತೊಳೆದಿಟ್ಟು, ಚಪ್ಪಲಿ ಮೆಟ್ಟುವಾಗ ಹೇಳಿದಳು: “ಅತ್ತಿಗೆ, ಅಣ್ಣನ ರೂಮಲ್ಲಿ ಒಂದು ಗೋಡೆ ಖಾಲಿ ಇದೆಯಂತೆ. ಆ ಗುಂಡಿ ಡಬ್ಬಿಗಳನ್ನ ಪಾರ್ಸೆಲ್ ಮಾಡಿ ಕಳಿಸಬೇಕಂತೆ.” ಈ ಎರಡು ವರ್ಷದಲ್ಲಿ ನೀವು ನನಗೆ ಹೇಳಿ ಕಳಿಸಿದ್ದು ಇಷ್ಟೇ. ನಾನು ಹೇಗಿದ್ದೇನೆಂದು ವಿಚಾರಿಸಿದಿರಾ ಎಂದು ನಾನು ಅವಳನ್ನು ಕೇಳಲಿಲ್ಲ. ವಿಚಾರಿಸಿದ್ದರೆ ಅವಳೇ ಹೇಳುತ್ತಿದ್ದಳು.

ಬಂದರಿನ ಗೋದಾಮಿಗೆ ನಿಮಗೆ ವರ್ಗವಾದಾಗ, ಹೊಲಿಗೆ ಅಂಗಡಿ ಮುಚ್ಚಿ ಬರಲಾರೆ ಎಂದೆ. ನೀವು ‘ಸರಿ’ ಎಂದಿರಿ. ಇನ್ನೊಂದು ಸಲ ಕರೆಯುತ್ತೀರೆಂದು ನಾನು ಕಾದೆ. ಇವಳೇ ಬರುತ್ತೇನೆ ಅನ್ನಲಿ ಎಂದು ನೀವೂ ಕಾದಿರಬೇಕು. ಹಟದಲ್ಲಿ ನಮ್ಮಿಬ್ಬರಲ್ಲಿ ಯಾರು ಕಡಿಮೆ ಹೇಳಿ?

ಕಳಿಸಬೇಕೆಂದೇ ಡಬ್ಬಿಗಳನ್ನು ಅಟ್ಟದಿಂದ ಇಳಿಸಿದೆ. ಮುಚ್ಚಳ ತೆಗೆದದ್ದೇ ತಪ್ಪಾಯಿತು. ಆ ಹಿತ್ತಾಳೆಯ ವಾಸನೆಯ ಜೊತೆ ನಮ್ಮ ಭಾನುವಾರಗಳೆಲ್ಲ ಎದ್ದು ಬಂದವು. ಗುಜರಿ ಅಂಗಡಿಯ ಹಳೇ ಸಿಪಾಯಿ ಕೋಟುಗಳ ರಾಶಿಯಲ್ಲಿ ಮೊಣಕೈವರೆಗೆ ಕೈ ಹಾಕಿ ನೀವು ಕೂತಿರುವುದು, ನಾನು ಪಕ್ಕದಲ್ಲಿ ಛತ್ರಿ ಹಿಡಿದು ಗೊಣಗುವುದು. ಸಿಕ್ಕಿದ ಗುಂಡಿಯನ್ನು ಬಸ್ಸಿನಲ್ಲೇ ತಿರುಗಿಸಿ, ಅದರ ಬೆನ್ನ ಮೇಲಿನ ಅಚ್ಚು ಓದುತ್ತ ಇಳಿಯುವ ಜಾಗ ದಾಟಿಸಿಬಿಡುತ್ತಿದ್ದಿರಿ. ರಸ್ತೆಯ ಗುಂಡಿಗೆ ಬಿದ್ದವರನ್ನು ಎತ್ತಬಹುದು, ಕೋಟಿನ ಗುಂಡಿಗೆ ಬಿದ್ದವರನ್ನು ಎತ್ತುವವರಿಲ್ಲ ಎಂದು ನಾನು ಕಿಚಾಯಿಸಿದರೆ, ‘ಸೂಜಿ ಕಣೇ ನೀನು’ ಎಂದು, ನಗು ಬಂದರೂ ನಗದೆ ಕಿಟಕಿ ಕಡೆ ತಿರುಗುತ್ತಿದ್ದಿರಿ. ನಿಮ್ಮ ಆ ಕಳ್ಳನಗು ಕಿಟಕಿ ಗಾಜಿನಲ್ಲಿ ನನಗೆ ಕಾಣುತ್ತಿತ್ತು.

‘ಎಲ್ಲಕ್ಕೂ ಚಂದದ ಚೌಕಟ್ಟು ಹಾಕಿಸೋಣ’ ಎಂದು ಪ್ರತಿ ವರ್ಷ ಅನ್ನುತ್ತಿದ್ದಿರಿ. ಹಾಗೇ ಡಬ್ಬಿಯಲ್ಲಿ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಮೂಲೆಯ ಫ್ರೇಮಿನ ಅಂಗಡಿಯವರ ಹತ್ತಿರ ತೆಗೆದುಕೊಂಡು ಹೋದೆ. ಆ ಪುಣ್ಯಾತ್ಮ ಅಂಟು ಹಾಕಿ ಕೂರಿಸುತ್ತೇನೆಂದು ಡಬ್ಬಿಗೆ ಕೈ ಹಾಕಿದ. ನಾನು ಕಿರುಚಿದ್ದು ರಸ್ತೆಯಾಚೆಯ ಔಷಧದ ಅಂಗಡಿಗೂ ಕೇಳಿಸಿತಂತೆ. ಕೊನೆಗೆ ಕಟ್ಟು, ಗಾಜು ಮಾತ್ರ ಅವನು ಮಾಡಿಕೊಟ್ಟ. ದಪ್ಪ ರಟ್ಟಿಗೆ ಕಡುನೀಲಿ ಉಣ್ಣೆಬಟ್ಟೆ ಹೊದಿಸಿ, ಒಂದೊಂದು ಗುಂಡಿಗೂ ತೂತು ಕೊರೆದು, ಹಿಂದಿನ ಕೊಂಡಿಯನ್ನು ಅದರಲ್ಲಿ ತೂರಿಸಿ ದಾರದಿಂದ ಬಿಗಿದದ್ದು ನಾನೇ. ಯಾವುದನ್ನೂ ಉಜ್ಜಲಿಲ್ಲ. ಹಳೇ ಮಾಸಲು ಬಣ್ಣ ಹಾಗೇ ಇದೆ.

ಯಾವುದು ಯಾವ ಪಡೆಯದು, ಯಾವುದು ಮೊದಲಿನದು ಎಂಬ ನಿಮ್ಮ ಲೆಕ್ಕ ನನಗೆ ಬರುವುದಿಲ್ಲ. ಅದಕ್ಕೇ ನಮಗೆ ಸಿಕ್ಕಿದ ಕ್ರಮದಲ್ಲಿ ಜೋಡಿಸಿದೆ. ಫಿರಂಗಿ ಗುರುತಿನದರ ಪಕ್ಕ ಲಂಗರಿನದು, ಯಾಕೆಂದರೆ ಎರಡೂ ಸಿಕ್ಕಿದ್ದು ನಿಮಗೆ ಜ್ವರ ಬಿಟ್ಟ ವಾರ. ತಿಳಿದವರು ನೋಡಿದರೆ ನಗುತ್ತಾರೆ. ನಗಲಿ.

ಮನೆಯಲ್ಲಿ ಇಡಲು ಜಾಗವಿಲ್ಲದೆ ಚೌಕಟ್ಟುಗಳನ್ನು ಅಂಗಡಿಯ ಗೋಡೆಗೆ ತೂಗುಹಾಕಿದ್ದೆ. ಒಂದು ದಿನ ಒಬ್ಬ ಅಜ್ಜ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. “ಕೋಟು ಬೆಳೆದಿಲ್ಲ ತಾಯಿ, ನಾನೇ ಕುಗ್ಗಿದೀನಿ” ಎಂದರು. ಅಳತೆ ತೆಗೆಯುತ್ತಿದ್ದಾಗ ಅವರ ಕೈ ತಟ್ಟನೆ ಬಿಗಿಯಾಯಿತು. ಕಣ್ಣು ಗೋಡೆಯ ಮೇಲಿತ್ತು. ಕಹಳೆ ಗುರುತಿನ ಗುಂಡಿ, ವರ್ಷಗಟ್ಟಲೆ ಹುಡುಕಿ ಹುಡುಕಿ ಸುಸ್ತಾದ ಮೇಲೆ ನಿಮಗೆ ಸಿಕ್ಕಿದ್ದು, ಅದನ್ನೇ ನೋಡುತ್ತಿದ್ದರು.

ಅವರು ಆ ಪಡೆಯಲ್ಲಿ ಕಹಳೆ ಊದುತ್ತಿದ್ದರಂತೆ, ಮೀಸೆ ಮೂಡುವ ವಯಸ್ಸಿನಲ್ಲಿ. ಮಾರನೇ ವರ್ಷವೇ ಪಡೆಯನ್ನು ವಿಸರ್ಜಿಸಿದರು. ಕೋಟುಗಳನ್ನೆಲ್ಲ ಮೈದಾನದಲ್ಲಿ ಬಿಚ್ಚಿಸಿಕೊಂಡು ಬರೀ ಅಂಗಿಯಲ್ಲಿ ಮನೆಗೆ ಕಳಿಸಿದರಂತೆ. “ಮನೆಗೆ ಹೋದೆ. ನಮ್ಮಮ್ಮ, ನೀನು ನಿಜವಾಗ್ಲೂ ಸಿಪಾಯಿ ಆಗಿದ್ಯೇನೋ ಅಂದ್ಲು. ತೋರಿಸೋಕೆ ನನ್ ಹತ್ರ ಏನೂ ಇರ್ಲಿಲ್ಲ” ಎಂದು ನಕ್ಕರು. ಜೊತೆಗಿದ್ದವರಲ್ಲಿ ಈಗ ಇವರೊಬ್ಬರೇ ಉಳಿದಿರುವುದು.

ಆಮೇಲೆ ಮುಷ್ಟಿಯನ್ನು ಬಾಯಿಗಿಟ್ಟು, ಬೆಳಗಿನ ಏಳುವ ಕರೆಯನ್ನು ಊದಿ ತೋರಿಸಿದರು. ಬ್ಲೌಸು ಕೊಡಲು ಬಂದಿದ್ದ ಇಬ್ಬರು ಹೆಂಗಸರು ಮೊದಲು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಊದಿ ಮುಗಿಸುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಗುಂಡಿಯನ್ನು ಅವರು ಕೇಳಲೂ ಇಲ್ಲ. ಹೊರಡುವಾಗ, ಇದನ್ನೆಲ್ಲ ಕೂಡಿಸಿದವರು ಎಲ್ಲಿ ಎಂದು ವಿಚಾರಿಸಿದರು.

“ಊರಿಗೆ ಹೋಗಿದ್ದಾರೆ. ಬರ್ತಾರೆ” ಎಂದುಬಿಟ್ಟೆ. ಯೋಚಿಸಿ ಆಡಿದ ಮಾತಲ್ಲ ರೀ. ಪಕ್ಕದ ಬೀದಿಗೆ ಹೋದವರ ಬಗ್ಗೆ ಹೇಳುವಂತೆ ನಾಲಿಗೆಯೇ ಹೇಳಿಬಿಟ್ಟಿತು. ಆ ಸಂಜೆ ಪೂರ್ತಿ ಯಾವ ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ.

ತೋಳು ಗಿಡ್ಡ ಮಾಡಿ ಮುಗಿಸಿದ ಮೇಲೆ ಚೌಕಟ್ಟನ್ನು ಇಳಿಸಿದೆ. ಹಿಂದಿನ ಹಲಗೆ ಬಿಚ್ಚಿ, ದಾರ ಕತ್ತರಿಸಿ, ಕಹಳೆಯ ಗುಂಡಿಯನ್ನು ಹೊರಗೆ ತೆಗೆದೆ. ನಿಮ್ಮನ್ನು ಕೇಳದೆ ತೆಗೆದೆ. ಅಜ್ಜನ ಕೋಟಿನ ಕುತ್ತಿಗೆಯ ಹತ್ತಿರ, ಎಲ್ಲಕ್ಕಿಂತ ಮೇಲೆ, ಎರಡೆಳೆ ದಾರ ಹಾಕಿ ಹೊಲಿದೆ.

ಕೋಟು ತೊಟ್ಟು ಕನ್ನಡಿ ಮುಂದೆ ನಿಂತಾಗಲೇ ಅವರಿಗೆ ಕಂಡದ್ದು. ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದು ಕೊನೆಯದನ್ನೂ ಹಾಕಿಕೊಂಡರು. ನಾನು ಸಹಾಯಕ್ಕೆ ಹೋಗದೆ ಸುಮ್ಮನೆ ನಿಂತಿದ್ದೆ. ಬಾಗಿದ ಬೆನ್ನು ಎಷ್ಟು ನೆಟ್ಟಗಾದೀತೋ ಅಷ್ಟು ನೆಟ್ಟಗಾಯಿತು. ಕುತ್ತಿಗೆ ಹತ್ತಿರ ಬಿಗಿಯಾಯಿತೇ ಎಂದು ಕೇಳಿದೆ.

“ಆಗ್ಲೂ ಬಿಗಿಯಾಗೇ ಇತ್ತು ತಾಯಿ” ಎಂದರು.

ಅವರು ಹೋದ ಮೇಲೆ ಒಳಗಿನ ಕೋಣೆಗೆ ಹೋಗಿ ಅತ್ತೆ. ಅವರಿಗಾಗಿ ಅಂದುಕೊಂಡೇ ಶುರುಮಾಡಿದ್ದು. ನಿಮಗೆ ಇದನ್ನು ಹೇಳಲು ನೀವು ಮನೆಯಲ್ಲಿಲ್ಲವಲ್ಲ ಎಂಬಲ್ಲಿಗೆ ಹೋಗಿ ನಿಂತಿತು.

ಈಗ ಆ ಚೌಕಟ್ಟಿನಲ್ಲಿ ಒಂದು ತೂತು ಉಳಿದಿದೆ. ಅಲ್ಲಿ ಬೇರೇನನ್ನೂ ಕೂರಿಸಿಲ್ಲ. ನಿಮಗೆ ಕೋಪ ಬರುತ್ತದೆಂದು ಗೊತ್ತು. ಬರಲಿ. ಕೋಪ ಮಾಡಿಕೊಂಡಾದರೂ ಒಮ್ಮೆ ಬನ್ನಿ, ಎದುರಿಗೆ ನಿಂತು ಬೈಯಿರಿ. ಅಜ್ಜ ಈಗ ವಾರಕ್ಕೊಮ್ಮೆ ಬಂದು ಕೂರುತ್ತಾರೆ, ಯಜಮಾನರು ಬಂದರಾ ಎಂದು ಕೇಳುತ್ತಾರೆ. ಎಲ್ಲ ಕರೆಗಳನ್ನೂ ನಿಮಗೆ ಊದಿ ತೋರಿಸಬೇಕಂತೆ. ನನಗೆ ಊಟದ ಕರೆಗೂ ನಿದ್ದೆಯ ಕರೆಗೂ ವ್ಯತ್ಯಾಸ ತಿಳಿಯುವುದಿಲ್ಲ, ಸುಮ್ಮನೆ ತಲೆಯಾಡಿಸುತ್ತೇನೆ. ಮೊನ್ನೆ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು.

ಇಷ್ಟಾದ ಮೇಲೂ ಪಾರ್ಸೆಲ್ಲೇ ಬೇಕೆಂದರೆ ಒಂದು ಸಾಲು ಬರೆಯಿರಿ, ಕಟ್ಟಿ ಕಳಿಸುತ್ತೇನೆ. ನಿಮ್ಮ ತಂಗಿಯ ಕೈಲಿ ಹೇಳಿಸಬೇಡಿ. ನೀವೇ ಬರೆಯಿರಿ.

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರೆಂದು ನಂಬಿರುವ,
ನಿಮ್ಮ ಸೂಜಿ

ತಾ.ಕ.: ಮಂಚವನ್ನು ಕಿಟಕಿಯ ಕಡೆಗೆ ಸರಿಸಿದ್ದೇನೆ. ನೀವು ಅಷ್ಟು ವರ್ಷ ಹೇಳಿದರೂ ನಾನು ಒಪ್ಪಿರಲಿಲ್ಲ. ಗಾಳಿ ನಿಜವಾಗಿಯೂ ಚೆನ್ನಾಗಿ ಬರುತ್ತದೆ. ನಾನು ಗೋಡೆಯ ಕಡೆಗೇ ಮಲಗುತ್ತೇನೆ, ಕಿಟಕಿಯ ಪಕ್ಕ ಖಾಲಿ ಇದೆ.