ಶಂಕರನ ಮದುವೆ ಮತ್ತು ನಿನ್ನ ವೈರಸ್ಸು

ಅಕ್ಕಿಹೆಬ್ಬಾಳು,
೧೭ ನವೆಂಬರ್ ೨೦೨೪

ಪ್ರೀತಿಯ ಅರ್ಪಿತಾ,

ಕಳೆದ ಪತ್ರದಲ್ಲಿ ನಿನ್ನ ಪ್ರಯೋಗದ ಬಗ್ಗೆ ನಾನು ಬರೆದದ್ದು ತಪ್ಪು. ತಿದ್ದುವ ಆತುರದಲ್ಲಿ ಕ್ಷೇಮಸಮಾಚಾರ ಕೇಳುವುದು ಹಿಂದಾಯಿತು. ಪುಣೆಯ ಚಳಿಗೆ ಕೆಮ್ಮು ಮರುಕಳಿಸಿಲ್ಲವಷ್ಟೆ? ಇಲ್ಲಿ ಅಜ್ಜಿಗೆ ಮಂಡಿನೋವು. ಅವಳ ನಾಲಿಗೆಗೆ ಯಾವ ತೊಂದರೆಯೂ ಇಲ್ಲ. ಇನ್ನು ನನ್ನ ತಪ್ಪಿನ ವಿಚಾರ. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ಸುಗಳಲ್ಲಿ ಊನವಾದ ಎರಡನ್ನು ಒಂದೇ ಬ್ಯಾಕ್ಟೀರಿಯಾದೊಳಗೆ ಬಿಟ್ಟರೆ, ಒಂದಕ್ಕೊಂದು ನೆರವಾಗಿ ವೃದ್ಧಿಸುತ್ತವೆ ಎಂದು ಬರೆದಿದ್ದೆ. ನೀನು ಹೇಳಿದ್ದ ಷರತ್ತನ್ನೇ ಬಿಟ್ಟಿದ್ದೆ. ಕೆಟ್ಟಿರುವ ಜೀನುಗಳು ಬೇರೆ ಬೇರೆಯಾಗಿದ್ದರೆ ಮಾತ್ರ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡರಲ್ಲೂ ಒಂದೇ ಜೀನು ಕೆಟ್ಟಿದ್ದರೆ ಕೊಡುವವರಾರು? ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ವೈರಸ್ಸಿನ ಗುರುತೇ ಮೂಡುವುದಿಲ್ಲ. ಒಂದರ ಊನ ಮೊದಲೇ ಗೊತ್ತಿರುವುದರಿಂದ, ಇನ್ನೊಂದರದೂ ಅದೇ ಎಂದು ನಿನಗೆ ತಿಳಿಯುತ್ತದೆ.

ನನ್ನ ಅರೆಪಾಠ ಮನೆಯಲ್ಲಿ ಅನರ್ಥ ಮಾಡಿತು. ನಿನ್ನ ಅಣ್ಣ ಶಂಕರನಂತೆ ನಾಗಮಂಗಲದ ಪ್ರಮೀಳೆಗೂ ಹುಟ್ಟಿನಿಂದ ಕಿವಿ ಕೇಳದೆಂದು ನಿನ್ನ ತಾಯಿ ಸೋಮಮ್ಮ ಈ ಮದುವೆ ಬೇಡವೆಂದದ್ದು ನಿನಗೆ ಗೊತ್ತು. "ಮಗ ಅತ್ರೆ ಯಾರ್ ಕೇಳುಸ್ಕೊಂಡ್ ಏಳ್ತಾರೆ ಮಾವ? ಉಟ್ಟೋದೂ ಅಂಗೇ ಆದ್ರೆ?" ಎನ್ನುತ್ತಿದ್ದಳು. ಎರಡು ಮನೆಗೂ ನೆಂಟಸ್ತನವಿಲ್ಲ, ನಿನ್ನ ವೈರಸ್ಸುಗಳಂತೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ, ಮಗುವಿಗೆ ಖಂಡಿತ ಕೇಳಿಸುತ್ತದೆ ಎಂದು ನಾನು ಭರವಸೆ ಕೊಟ್ಟೆ, ಒಪ್ಪಿದಳು. ನಿನ್ನ ಒತ್ತಾಯಕ್ಕೆ ಮಾಡಿಸಿದ ರಕ್ತಪರೀಕ್ಷೆಯ ಫಲಿತಾಂಶವನ್ನು ವೈದ್ಯರು ನಿನ್ನೆ ತಿಳಿಸಿದರು. ಇಬ್ಬರಲ್ಲೂ ಕೆಟ್ಟಿರುವುದು ಒಂದೇ ಜೀನು. ಮಕ್ಕಳಿಗೂ ಕೇಳಿಸದು.

ಸೋಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜಿ ಮಾತ್ರ, "ಬುಡು ಸೋಮಿ, ನಿಮ್ಮಾವುಂಗೆ ಎರಡ್ ಕಿವೀನೂ ನೆಟ್ಗವೆ, ಒಂದಿನಾರ ನನ್ ಮಾತ್ ಕೇಳವ್ರಾ?" ಎಂದಳು. ಯಾರೂ ನಗಲಿಲ್ಲ. ಶಂಕರ ವಸತಿಶಾಲೆಯಲ್ಲಿ ಕೈಭಾಷೆ ಕಲಿತು ಬಂದರೂ ಮನೆಯಲ್ಲಿ ನಾವು ಚೀಟಿ ಬರೆದೇ ಕಾಲ ಕಳೆದವರು. ಈ ಸುದ್ದಿಯನ್ನೂ ಹಾಗೆಯೇ ಬರೆದು ಕೊಟ್ಟೆ. ಅವನು ಓದಿ, ಮಡಿಸಿ, ಹಿತ್ತಿಲಿಗೆ ಹೋದ.

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಕೆಲಸ ಕೈಗೂಡಲಿ, ಆರೋಗ್ಯ ಚೆನ್ನಾಗಿರಲಿ.

ನಿನ್ನ ತಾತ,
ಮಂಚಯ್ಯ

ಮತ್ತೆ: ಪತ್ರ ಮಡಿಸುವಷ್ಟರಲ್ಲಿ ಶಂಕರ ಉತ್ತರ ತಂದುಕೊಟ್ಟ. "ನಮ್ಮ ಮಗು ನಮ್ಮ ಕೈ ನೋಡಿಯೇ ಮಾತು ಕಲಿಯುತ್ತೆ, ತಾತ. ಅದು ನಿಮ್ಮ ಹತ್ತಿರ ಬಂದರೆ ನೀವು ಏನು ಮಾಡ್ತೀರಿ?" ಸೋಮಮ್ಮನಿಗೆ ಓದಿ ಹೇಳಿದೆ. ಮುಖ ಒರೆಸಿಕೊಂಡು ಮಗನ ಬಳಿ ಹೋದಳು. ಮದುವೆ ನಿಲ್ಲುವುದಿಲ್ಲ, ರಜೆ ಹಾಕು. ಈಗ ಅವಳು ಮಗನೆದುರು ಕುಳಿತಿದ್ದಾಳೆ. "ಅಸಿವಾಯ್ತಾ ಮಗ ಅಂತ ಕೇಳಾದ್ ಎಂಗ್ಲಾ, ತೋರ್ಸು" ಎಂದು ನನ್ನ ಕೈಲಿ ಚೀಟಿ ಬರೆಸಿ ಕೊಟ್ಟು, ಎರಡೂ ಕೈ ಮುಂದೆ ಚಾಚಿದ್ದಾಳೆ.

೧೭-೧೧-೨೦೨೪, ಸಂಜೆ ೫ ಗಂಟೆ ೪೦ ನಿಮಿಷ.