ಮೀಟರ್ ನಂಬರಿನ ಒಂದೇ ಜೋಡಿ

ಲಗ್ಗೆರೆ
೧೨-೮-೨೦೨೫, ಮಂಗಳವಾರ

ಮಗಳು ರಕ್ಷಿತಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ವೈಟ್‌ಫೀಲ್ಡಿನ ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನವರು ಇದನ್ನು ಮೇಲೆ ತಲುಪಿಸುತ್ತಾರೋ ಇಲ್ಲವೋ, ಆ ಚಿಂತೆ ಬೇರೆ. ಬಿಪಿ ಮಾತ್ರೆ ತಪ್ಪಿಸಿಲ್ಲ. ಏನು ಹೇಳುತ್ತಿದ್ದೆ? ಹಾಂ, ಭಾನುವಾರ. ಚಂದಾಪುರದಲ್ಲಿ ವಸಂತಮ್ಮನ ಮನೆಯಲ್ಲಿ ಊಟ. ನಮ್ಮ ಮನೆ ಓನರ್ ಆಂಜಿನಪ್ಪನ ಅಕ್ಕ ಎಂದು ಹಿಂದೆ ನೀನೇ ನಗುನಗುತ್ತಾ ಮಾತಾಡಿಸಿದ್ದವಳು. ನೀನು ಬಂದರೆ ನಾನೂ ಅವಳೂ ಮದುವೆಗೆಂದು ರಿಜಿಸ್ಟ್ರಾರ್ ಆಫೀಸಿಗೆ ಹೋಗುವುದು, ಬರದಿದ್ದರೆ ಇಲ್ಲ. ಇದು ಅವಳದೇ ಷರತ್ತು. “ಮಗಳು ಇಂಗೆ ಮುನಿಸ್ಕಂಡಿರೋವಾಗ ನಂಗ್ಯಾಕೆ ಸಾರ್ ತಾಳಿ?” ಎಂದುಬಿಟ್ಟಳು. ಇನ್ನೂ ಸಾರ್ ಅಂತಲೇ ಕರೆಯುತ್ತಾಳೆ.

ವಿಷಯ ತಿಳಿಸಿದ ದಿನ ನೀನು ಅಂದದ್ದು ಕಿವಿಯಲ್ಲೇ ಇದೆ. “ಅಪ್ಪಾ, ನಮ್ ಮೀಟರ್ ನಂಬರ್‌ಗೆ ಒಂದೇ ಜೋಡಿ ಅಂತ ಹೇಳ್ಕೊಟ್ಟೋರು ನೀವೇ ತಾನೆ?” ಅಂದವಳೇ ಫೋನ್ ಇಟ್ಟೆ.

ಹೌದು, ನಾನೇ. ಕರೆಂಟ್ ಹೋದಾಗಲೆಲ್ಲ ನಿಮ್ಮಮ್ಮನೂ ಸೇರಿ ಮೂವರೂ ಬಾಗಿಲಲ್ಲಿ ಕೂತು ಆ ಮೀಟರ್ ಪೆಟ್ಟಿಗೆಯ ಮೇಲಿನ 1000081ನ್ನು ಭಾಗಿಸುತ್ತಿದ್ದೆವು. ಏಳು, ಹದಿಮೂರು, ಹದಿನೇಳು, ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ನೀನೇ ಕಾಲೇಜಿನ ಕಂಪ್ಯೂಟರಿನಲ್ಲಿ ನೋಡಿ ಅವಿಭಾಜ್ಯವೆಂದು ಖಾತ್ರಿ ಮಾಡಿಕೊಂಡು ಬಂದೆ. ನನ್ನ ಬಿಎಸ್ಸಿ ಪುಸ್ತಕದಲ್ಲಿ ಹೀಗಿತ್ತು: ಅವಿಭಾಜ್ಯವನ್ನು ನಾಲ್ಕರಿಂದ ಭಾಗಿಸಿದಾಗ ಒಂದು ಉಳಿದರೆ ಅದು ಎರಡು ವರ್ಗಗಳ ಮೊತ್ತ, ‘ಇನ್ ಒನ್ ಅಂಡ್ ಓನ್ಲಿ ಒನ್ ವೇ’. ಅಂದರೆ ಒಂದೇ ಒಂದು ರೀತಿಯಲ್ಲಿ; ಮುಂದಿನ ಇಂಗ್ಲಿಷ್ ಮರೆತಿದೆ. ಸಾವಿರದ ವರ್ಗಕ್ಕೆ ಒಂಬತ್ತರ ವರ್ಗ ಕೂಡಿದರೆ ನಮ್ಮ ನಂಬರ್. ಬೇರೆ ಜೋಡಿಯಿಲ್ಲ. “ಸಾವಿರ ನಾನು, ಚಿಲ್ಲರೆ ನಿಮ್ಮಪ್ಪ ಕಣೇ” ಎಂದು ನಿಮ್ಮಮ್ಮ ನಕ್ಕಿದ್ದಳು. ಮಹಾದೇವಿ ಹೋದ ಮೇಲೆ ಆ ಪೆಟ್ಟಿಗೆಯ ಧೂಳನ್ನು ನಾನೇ ಒರೆಸುತ್ತೇನೆ.

ನೀನು ಹಾಗಂದಾಗಿನಿಂದ ಇನ್ನೊಂದು ಜೋಡಿಗಾಗಿ ಹುಡುಕುತ್ತಿದ್ದೆ. ನಿನ್ನೆ ಸಿಕ್ಕಿತು. 990ರ ವರ್ಗ, 141ರ ವರ್ಗ. ಕೂಡಿದರೆ ಸರಿಯಾಗಿ ಅದೇ ನಂಬರ್! ಆದರೆ ಖುಷಿಯಾಗುವ ಬದಲು ಬೆವರು ಬಂತಮ್ಮ. ಎರಡನೆಯ ಜೋಡಿ ಇದ್ದರೆ ಅದು ಅವಿಭಾಜ್ಯವೇ ಅಲ್ಲ, ಎಲ್ಲೋ ಒಡೆಯುತ್ತದೆ. ನಿಮ್ಮಮ್ಮ ಕೂತು ಭಾಗಿಸಿದ ನಂಬರ್ ಒಡೆಯುವುದು ನನಗೂ ಬೇಡ. ನೀನೊಮ್ಮೆ ತಾಳೆ ನೋಡಿ ಹೇಳು. ಹೇಳುವುದಕ್ಕಾದರೂ ಫೋನ್ ಮಾಡು.

ಗೇಟಿನ ಸದ್ದಿಗೆಲ್ಲ ಎದ್ದು ನೋಡುತ್ತಿರುವ
ನಿನ್ನ ಅಪ್ಪ,
ಶೇಖರಪ್ಪ

ಮಡಚುವ ಮುಂಚೆ ಇನ್ನೊಂದು ಮಾತು: ಆ ಜೋಡಿ ತಪ್ಪು. 141ನ್ನು ಗುಣಿಸುವಾಗ ಕೈಯಲ್ಲಿ ಇಲ್ಲದ ಒಂದನ್ನು ಕೂಡಿಸಿದ್ದೆ, ಸರಿಯಾಗಿ ಗುಣಿಸಿದರೆ ಮೊತ್ತದಲ್ಲಿ ನೂರು ಕಡಿಮೆ ಬೀಳುತ್ತದೆ. ಮೇಲೆ ಬರೆಯುವಾಗಲೇ ಗೊತ್ತಿತ್ತು. ತಪ್ಪು ಹಿಡಿಯಲಿಕ್ಕಾದರೂ ನೀನು ಮಾತಾಡುತ್ತೀಯ ಎಂದುಕೊಂಡೆ. ನಮ್ಮ ನಂಬರಿಗೆ ಒಂದೇ ಜೋಡಿ, ಅದು ಹಾಗೇ ಇರಲಿ. ವಸಂತಮ್ಮನ ಮನೆಗೆ ಬೇರೆ ಮೀಟರ್ ಇದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ಮುಖ ತಿರುಗಿಸಿಕೊಳ್ಳುತ್ತೇನೆ, ನಂಬರ್ ಇನ್ನೂ ಓದಿಲ್ಲ. ಭಾನುವಾರ ನೀನೇ ಬಂದು ಓದು.