ನನ್ನ ಅಳುವಿಗೆ ಚಪ್ಪಾಳೆ

ರೋಮ್. ಅಕ್ಟೋಬರ್, ತಿಂಗಳ ನಡುವಿನ ಇದಸ್ ದಿನ ಕಳೆದು ಮೂರನೆಯ ದಿನ.

ಥೂ, ನನ್ನ ಜನ್ಮಕ್ಕೆ. ಬೆಳ್ಳಿ ಬಟ್ಟಲು ಕದ್ದನೆಂದು ತಮ್ಮ ಹಿಲಾರುಸ್‌ನನ್ನು ಗಣಿಯ ಜೀತಕ್ಕೆ ದಬ್ಬಿದರು. ಅದು ಕಳುವಾದ ದಿನವಿಡೀ ಅವನು ನನ್ನ ಜೊತೆಗೇ ಕೂತು, ನಾಟಕದಲ್ಲಿ ನಾನು ಹಾಕುವ ರಾಣಿಯ ಮುಖವಾಡಕ್ಕೆ ಬಣ್ಣ ಬಳಿಯುತ್ತಿದ್ದ. ವಿಚಾರಣೆಯಲ್ಲಿ ಅದನ್ನೇ ಹೇಳಲು ಎದ್ದು ನಿಂತೆ.

"ನೀನು ನಾಟಕದವನಲ್ವೇನಯ್ಯಾ? ನಟರ ಮಾತು ಸಾಕ್ಷಿಗೆ ಬರಲ್ಲ, ಕೂತ್ಕೋ," ಎಂದರು ನ್ಯಾಯಾಧೀಶರು.

ಅವರ ಕಾಲು ಹಿಡಿದು ಅತ್ತೆ. ಮುಖವಾಡವಿಲ್ಲದೆ ಜನರೆದುರು ಅತ್ತದ್ದು ಅದೇ ಮೊದಲು. ಹಿಂದಿನಿಂದ ಯಾರೋ, "ಮಗ ಸತ್ತಾಗ ರಾಣಿ ಅಳ್ತಾಳಲ್ಲ, ಥೇಟ್ ಹಂಗೇ," ಎಂದ. ಚಪ್ಪಾಳೆ ಬಿತ್ತು.

ತಮ್ಮ ನನ್ನನ್ನೇ ನೋಡುತ್ತಿದ್ದ. ಅಳುತ್ತಿದ್ದವನು ನನ್ನೊಳಗಿನ ನಟನಲ್ಲದೆ ನಾನೇ ಆಗಿದ್ದರೆ ಅಳುತ್ತಲೇ ಇರಬೇಕಿತ್ತು. ನಾನು ರಂಗದ ಮೇಲೆ ಮಾಡುವ ಹಾಗೆ ಅಳು ನಿಲ್ಲಿಸಿ, ಚಪ್ಪಾಳೆ ಮುಗಿಯಲೆಂದು ಕಾದೆ.